ಒಂದೇ ಸ್ವಿಚ್‌ನಲ್ಲಿದ್ದರೂ ಮೂರನೇ ಕಂಪ್ಯೂಟರ್ ಪಿಂಗ್‌ಗೆ ಸಿಗುತ್ತಿಲ್ಲ

ಪ್ರಶ್ನೆ:
ನೆಟ್‌ವರ್ಕಿಂಗ್ ಈಗಷ್ಟೇ ಕಲಿಯಲು ಶುರು ಮಾಡಿದ್ದೇನೆ. ಒಂದು ಸ್ವಿಚ್‌ಗೆ (ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಒಟ್ಟಿಗೆ ಸೇರಿಸುವ ಪೆಟ್ಟಿಗೆ) ಮೂರು ಲಿನಕ್ಸ್ ಕಂಪ್ಯೂಟರ್ ಜೋಡಿಸಿದ್ದೇನೆ. ರೌಟರ್ ಇಲ್ಲ, ಗೇಟ್‌ವೇ ಕೊಟ್ಟಿಲ್ಲ. ಐಪಿ ವಿಳಾಸಗಳನ್ನು ನಾನೇ ಹಾಕಿದ್ದು: 'ಎ'ಗೆ 192.168.1.10, 'ಬಿ'ಗೆ 192.168.1.20, 'ಸಿ'ಗೆ 192.168.1.130. 'ಎ', 'ಬಿ' ನಡುವೆ ಪಿಂಗ್ (ಇನ್ನೊಂದು ಕಂಪ್ಯೂಟರ್ ಉತ್ತರ ಕೊಡುತ್ತದಾ ಅಂತ ನೋಡುವ ಕಮಾಂಡ್) ಸರಿಯಾಗಿದೆ. 'ಎ'ಯಿಂದ 'ಸಿ'ಗೆ ಮಾಡಿದರೆ ಉತ್ತರವೇ ಬರುವುದಿಲ್ಲ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಸ್ವಿಚ್‌ನ ದೀಪ ಉರಿಯುತ್ತಲೇ ಇದೆ. ಎರಡು ದಿನದಿಂದ ಇದೇ ಕೆಲಸ.

ಉತ್ತರ:
ಬೇರೆ ಪೋರ್ಟ್‌ನಲ್ಲೂ ದೀಪ ಉರಿಯುತ್ತಿದೆ ಅಂದರೆ ಕೇಬಲ್ ಯೋಚನೆ ಸದ್ಯಕ್ಕೆ ಬಿಡಿ. 'ಸಿ' ಮುಂದೆ ಕೂತು 'ಎ'ಗೆ ಪಿಂಗ್ ಮಾಡಿ. ಸ್ವಲ್ಪ ಹೊತ್ತು ಕಾದು ಸುಮ್ಮನಾಗುತ್ತದಾ, ಇಲ್ಲ ಎಂಟರ್ ಒತ್ತಿದ ಕೂಡಲೇ ತಪ್ಪು ತೋರಿಸುತ್ತದಾ? ಮೂರರ ಸಬ್‌ನೆಟ್ ಮಾಸ್ಕ್ (ವಿಳಾಸದಲ್ಲಿ ನೆಟ್‌ವರ್ಕ್‌ನ ಭಾಗ ಎಷ್ಟು ಅಂತ ಹೇಳುವ ಸಂಖ್ಯೆ) ಕೂಡ ಬರೆಯಿರಿ.

ಪ್ರಶ್ನೆ ಕೇಳಿದವರು:
ಕೂಡಲೇ 'ನೆಟ್‌ವರ್ಕ್ ಈಸ್ ಅನ್‌ರೀಚಬಲ್' ಅನ್ನುತ್ತದೆ. 'ಎ', 'ಬಿ' ಎರಡಕ್ಕೂ ಮಾಸ್ಕ್ 255.255.255.0. 'ಸಿ'ಯದು 255.255.255.128, ಹಿಂದಿನ ಅಭ್ಯಾಸಕ್ಕೆ ಹಾಕಿದ್ದು ಹಾಗೇ ಉಳಿದಿದೆ. ಆದರೆ ವಿಳಾಸದ ಮೊದಲ ಮೂರು ಅಂಕಿ ಒಂದೇ ಅಲ್ವಾ?

ಉತ್ತರ:
ತೊಂದರೆ ಮಾಸ್ಕ್‌ನಲ್ಲೇ ಇದೆ. ಕೂಡಲೇ ತಪ್ಪು ಬಂತು ಅಂದರೆ ಪ್ಯಾಕೆಟ್ 'ಸಿ'ಯಿಂದ ಹೊರಗೇ ಬಿದ್ದಿಲ್ಲ.

'ಸಿ' ಹೇಗೆ ಲೆಕ್ಕ ಹಾಕುತ್ತದೆ ನೋಡಿ. ಕೊನೆಯ ಅಂಕಿಯನ್ನು ಬೈನರಿಯಲ್ಲಿ ಬರೆಯಿರಿ. ತನ್ನ 130 ಅಂದರೆ 10000010, ಮಾಸ್ಕ್‌ನ 128 ಅಂದರೆ 10000000. ಎರಡನ್ನೂ ಆಂಡ್ ಮಾಡಿದರೆ (ಎರಡರಲ್ಲೂ 1 ಇದ್ದ ಜಾಗದಲ್ಲಿ ಮಾತ್ರ 1, ಉಳಿದ ಕಡೆ 0) 10000000, ಅಂದರೆ 128. 'ಎ'ಯ 10 ಅಂದರೆ 00001010. ಅದೇ ಮಾಸ್ಕ್ ಜೊತೆ ಆಂಡ್ ಮಾಡಿದರೆ 0. ಹಾಗಾಗಿ 'ಸಿ' ಲೆಕ್ಕದಲ್ಲಿ ತಾನಿರುವುದು 192.168.1.128ರ ನೆಟ್‌ವರ್ಕ್, 'ಎ' ಇರುವುದು 192.168.1.0ದ್ದು. ಬೇರೆ ನೆಟ್‌ವರ್ಕ್‌ಗೆ ಕಳಿಸಲು ಗೇಟ್‌ವೇ ಬೇಕು, ಅದು ಇಲ್ಲ. 'ಎ' ಮಾತ್ರ ತನ್ನ ಮಾಸ್ಕ್ ನೋಡಿಕೊಂಡು 'ಸಿ' ಪಕ್ಕದಲ್ಲೇ ಇದೆ ಅಂದುಕೊಳ್ಳುತ್ತದೆ.

ಐಪಿ ಪ್ಯಾಕೆಟ್‌ನ ಹೆಡರ್‌ನಲ್ಲಿ ಕಳಿಸುವವರ, ಪಡೆಯುವವರ ವಿಳಾಸ ಇರುತ್ತದೆ. ಮಾಸ್ಕ್ ಇರುವುದೇ ಇಲ್ಲ. ಒಂದರ ಮಾಸ್ಕ್ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ, ಪ್ರತಿ ಕಂಪ್ಯೂಟರ್ ತನ್ನ ಲೆಕ್ಕ ತಾನೇ ಹಾಕುತ್ತದೆ. ನಾನು ಕಲಿಯುವಾಗ ಇದು ತಲೆಗೆ ಹೋಗಲು ಬಹಳ ದಿನ ಬೇಕಾಯಿತು. ಇನ್ನು ಸ್ವಿಚ್, ಅದು ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ವಿಳಾಸ) ನೋಡಿ ಫ್ರೇಮ್ (ಐಪಿ ಪ್ಯಾಕೆಟ್ ಹೊತ್ತು ಸಾಗುವ ಕಟ್ಟು) ದಾಟಿಸುತ್ತದೆ ಅಷ್ಟೇ. ಮಾಸ್ಕ್ ತಪ್ಪಿದರೂ ಅದರ ದೀಪ ಉರಿಯುತ್ತಲೇ ಇರುತ್ತದೆ.

ಪ್ರಶ್ನೆ ಕೇಳಿದವರು:
ಮಾಸ್ಕ್ ಮುಟ್ಟದೆ 'ಸಿ' ವಿಳಾಸವನ್ನು 192.168.1.30 ಮಾಡಿದೆ. ಪಿಂಗ್ ಬಂತು! ಹಾಗಾದರೆ ವಿಳಾಸವೇ ತಪ್ಪಾಗಿತ್ತಾ?

ಇನ್ನೊಬ್ಬರ ಉತ್ತರ:
ಇಲ್ಲ, ತಪ್ಪು ಹಾಗೇ ಇದೆ, ಸದ್ಯಕ್ಕೆ ಕಾಣುತ್ತಿಲ್ಲ. ಆ ಮಾಸ್ಕ್‌ಗೆ 0ಯಿಂದ 127ರವರೆಗೆ ಒಂದು ನೆಟ್‌ವರ್ಕ್. 10, 20, 30 ಮೂರೂ ಅದರೊಳಗೆ ಬಂದವು. ನಾಳೆ 192.168.1.200 ಅಂತ ನಾಲ್ಕನೆಯದನ್ನು ಸೇರಿಸಿದರೆ 'ಸಿ'ಗೆ ಅದು ಸಿಗುವುದಿಲ್ಲ. ಬ್ರಾಡ್‌ಕಾಸ್ಟ್ ವಿಳಾಸವೂ (ನೆಟ್‌ವರ್ಕ್‌ನ ಎಲ್ಲರಿಗೂ ಒಟ್ಟಿಗೆ ಕಳಿಸುವ ವಿಳಾಸ) ಬೇರೆ: 'ಎ'ಗೆ 192.168.1.255, 'ಸಿ'ಗೆ 192.168.1.127. ವಿಳಾಸ ವಾಪಸ್ 130 ಮಾಡಿ, ಮಾಸ್ಕ್ ಸರಿಪಡಿಸಿ, ಆಮೇಲೆ 'ಐಪಿ ರೂಟ್' ಕಮಾಂಡ್ (ಯಾವ ನೆಟ್‌ವರ್ಕ್‌ಗೆ ದಾರಿ ಗೊತ್ತಿದೆ ಅಂತ ತೋರಿಸುವುದು) ಕೊಟ್ಟು ನೋಡಿ.

ಪ್ರಶ್ನೆ ಕೇಳಿದವರು:
ಹಾಗೇ ಮಾಡಿದೆ. ಮೊದಲು 192.168.1.128/25 ಅಂತ ಇದ್ದ ಸಾಲು ಈಗ 192.168.1.0/24 ಆಗಿದೆ (/25 ಅಂದರೆ ಮಾಸ್ಕ್ 255.255.255.128, /24 ಅಂದರೆ 255.255.255.0). ಮೂರೂ ಕಂಪ್ಯೂಟರ್‌ಗಳಲ್ಲಿ ಪಿಂಗ್ ಬರುತ್ತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ 200 ಹಾಕಿ ನಾಲ್ಕನೆಯದನ್ನು ಜೋಡಿಸುತ್ತಿದ್ದೇನೆ.