ರೇವದಂಡಾ ಕೋಟೆ: ಚೌಲ್ ಬಂದರು ಹಾಳುಬಿದ್ದದ್ದು ಹೇಗೆ?

ಕಡಲತಡಿ:
ಮಹಾರಾಷ್ಟ್ರದ ಅಲಿಬಾಗ್ ಕಡೆ ಹೊರಟಿದ್ದೇವೆ. ರೇವದಂಡಾದಲ್ಲಿ ಒಂದು ಬುರುಜು, ಸುತ್ತ ತೆಂಗಿನ ತೋಟ, ಅಷ್ಟೇ ಅಂತಾರೆ. ಚೌಲ್, ರೇವದಂಡಾ ಒಂದೇ ಊರಾ? ಪೋರ್ಚುಗೀಸರ ಅಷ್ಟು ದೊಡ್ಡ ಬಂದರು ಯಾಕೆ ಖಾಲಿಯಾಯ್ತು?

ಹಳೆನಕ್ಷೆ:
ಎರಡು ಬೇರೆ. ಚೌಲ್ ಬಹಳ ಹಳೆಯದು, ಅರಬರು ಸೈಮೂರ್ ಅನ್ನುತ್ತಿದ್ದ ಬಂದರು. 10ನೇ ಶತಮಾನದ ಆರಂಭದಲ್ಲಿ ಅರಬ್ ಪ್ರವಾಸಿ ಅಲ್ ಮಸೂದಿ ಬಂದಾಗ ಅದು ‘ಬಲ್ಹರಾ’ನ ಸೀಮೆ, ಅಂದರೆ ನಮ್ಮ ಮಾನ್ಯಖೇಟದ ರಾಷ್ಟ್ರಕೂಟರದು; ನೇರ ಆಳ್ವಿಕೆ ಅವರ ಸಾಮಂತ ಶಿಲಾಹಾರ ಝಂಝನದು. ಪೋರ್ಚುಗೀಸರ ಹೊತ್ತಿಗೆ ಅದು ಅಹ್ಮದ್‌ನಗರದ ನಿಜಾಮಶಾಹಿ ಪೇಟೆ. ಬುರ್ಹಾನ್ ನಿಜಾಮಶಾಹನ ಒಪ್ಪಿಗೆ ಪಡೆದು 1521ರಲ್ಲಿ ಕುಂಡಲಿಕಾ ನದೀಮುಖದಲ್ಲಿ ಕೋಟೆ ಶುರುಮಾಡಿ 1524ಕ್ಕೆ ಮುಗಿಸಿದರು. ಆ ‘ಕೆಳ ಚೌಲ್’ ಇವತ್ತಿನ ರೇವದಂಡಾ.

ಇನ್ನು ನೀವು ಕೇಳಿದ ಆ ಸಾತಖಣಿ (ಏಳಂತಸ್ತಿನ) ಬುರುಜು ಬುರುಜೇ ಅಲ್ಲ! ಫ್ರಾನ್ಸಿಸ್ಕನ್ ಪಾದ್ರಿಗಳ ಇಗರ್ಜಿಯ ಗೋಪುರ ಅದು.

ಉಪ್ಪುಗಾಳಿ:
ಚೌಲ್ ಯುದ್ಧದಿಂದ ಹಾಳಾಯಿತು ಅಂತ ಕೆಲವರು ಹೇಳೋದು ಅರ್ಧ ಸತ್ಯ. 1570-71ರಲ್ಲಿ ಮುರ್ತಜಾ ನಿಜಾಮಶಾಹ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಊರು ತಡೆದುಕೊಂಡಿತು. ಕೊಂದದ್ದು ವ್ಯಾಪಾರ. ಮೊಘಲರ ಸೂರತ್ ಬೆಳೆಯಿತು, ಆಮೇಲೆ ಇಂಗ್ಲಿಷರ ಮುಂಬಯಿ. ಹಡಗುಗಳು ಅತ್ತ ತಿರುಗಿದವು. 1739ರಲ್ಲಿ ಮರಾಠಾ ಸೇನಾನಿ ಚಿಮಾಜಿ ಅಪ್ಪಾ ಪೋರ್ಚುಗೀಸರ ವಸಯಿ ಗೆದ್ದ ಮೇಲೆ ಒಂಟಿಯಾಗಿ ಉಳಿದ ಚೌಲನ್ನು ಹಿಡಿದುಕೊಳ್ಳಲು ಪೋರ್ಚುಗೀಸರಿಗೆ ಕಾರಣವೇ ಇರಲಿಲ್ಲ. 1740ರಲ್ಲಿ ಮರಾಠರಿಗೆ ಬಿಟ್ಟುಕೊಟ್ಟರು. ಕಾವಲು ಪಡೆ ಹೋಯಿತು, ಇಗರ್ಜಿ ಸೂರುಗಳು ಕುಸಿದವು, ಒಳಗೆಲ್ಲ ತೋಟಗಳಾದವು.

ಕೋಟೆಸುತ್ತಾಟ:
ಕೋಟೆ ಎಲ್ಲಿ ಅಂತ ಹುಡುಕಿ ಸುಸ್ತಾಗುವವರೇ ಹೆಚ್ಚು. ಊರೇ ಕೋಟೆಯೊಳಗಿದೆ, ಡಾಂಬರು ರಸ್ತೆ ಗೋಡೆ ಸೀಳಿಕೊಂಡು ಹೋಗುತ್ತದೆ. ತೋಟಗಳು ಖಾಸಗಿ, ಕೇಳಿಕೊಂಡೇ ಒಳಗೆ ಕಾಲಿಡಿ. ಮಳೆಗಾಲದಲ್ಲಿ ಬಳ್ಳಿ ಹಬ್ಬಿ ಗೋಡೆ ಕಾಣದು, ಕಲ್ಲು ಜಾರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಕುಂಡಲಿಕಾ ಸೇತುವೆ ದಾಟಿ ಕೊರ್ಲಾಯಿ ಕೋಟೆ ಮಾತ್ರ ಬಿಡಬೇಡಿ. ಆ ಗುಡ್ಡ ಹಿಡಿದವನ ತೋಪಿಗೆ ಚೌಲ್‌ನ ಬಂದರುಬಾಯಿ ಸಿಗುತ್ತದೆ. ಅಲ್ಲಿ ನಿಜಾಮಶಾಹಿ ಕೋಟೆ ಎದ್ದದ್ದೇ ತಡ, 1594ರಲ್ಲಿ ಪೋರ್ಚುಗೀಸರು ಕಿತ್ತುಕೊಂಡರು. ದೀಪಸ್ತಂಭದ ಹಿಂಬದಿಯಿಂದ ಮೆಟ್ಟಿಲಿವೆ. ಮೇಲೆ ನೆರಳಿಲ್ಲ, ಅಂಗಡಿಯಿಲ್ಲ. ತಲಾ ಎರಡು ಲೀಟರ್ ನೀರು ಹೊತ್ತು ಬೆಳಿಗ್ಗೆಯೇ ಹತ್ತಿ.

ಹಳೆನಕ್ಷೆ:
ಸರಿಯಾಗಿ ಹೇಳಿದಿರಿ. ಕೊರ್ಲಾಯಿ ಹಳ್ಳಿಯಲ್ಲಿ ಪೋರ್ಚುಗೀಸ್-ಮರಾಠಿ ಬೆರೆತ ಮಾತು ಇನ್ನೂ ಮನೆಮಾತು. ಚೌಲ್‌ನ ಪೋರ್ಚುಗೀಸ್ ದೊರೆಗಳು ಹಡಗು ಹತ್ತಿದರು, ಬಡ ಕ್ರೈಸ್ತರು ಅಲ್ಲೇ ಉಳಿದರು.