ಮ್ಯಾಟರ್‌ಹಾರ್ನ್ ಚಿತ್ರದಲ್ಲಿ ಹಿಮ ಬೂದಾಗುವುದೇಕೆ?

ಪ್ರಶ್ನೆ: ಮಾರ್ಚ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಗೋರ್ನರ್‌ಗ್ರಾಟ್ ನಿಲ್ದಾಣದಿಂದ (3,089 ಮೀಟರ್) 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಪರ್ವತದ ಪೂರ್ವ ಮುಖವನ್ನು ಸೆರೆಹಿಡಿದೆ. ಕಣ್ಣು ಕೋರೈಸುತ್ತಿದ್ದ ಹಿಮವು ಚಿತ್ರದಲ್ಲಿ ಒಗೆಯದ ಪಂಚೆಯಂತೆ ಬೂದಾಗಿದೆ, ನೆರಳುಗಳು ನೀಲಿಯಾಗಿವೆ. ಕ್ಯಾಮೆರಾ ಆಟೋದಲ್ಲಿತ್ತು. ತಪ್ಪೆಲ್ಲಿ ಆಯಿತೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಕ್ಯಾಮೆರಾದ ದೋಷವಲ್ಲ. ಎದುರಿನ ದೃಶ್ಯ ಸರಾಸರಿಯಲ್ಲಿ ಮಧ್ಯಮ ಬೂದು ಎಂದೇ ಭಾವಿಸಿ ಬೆಳಕಿನ ಮಾಪಕವು ಲೆಕ್ಕ ಹಾಕುವುದರಿಂದ, ಚೌಕಟ್ಟಿನ ತುಂಬ ಹಿಮವಿದ್ದಾಗ ಅದು ಬೆಳಕನ್ನು ಅನಗತ್ಯವಾಗಿ ಕಡಿತಗೊಳಿಸುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮಾಪಕದ ಲೆಕ್ಕಕ್ಕಿಂತ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯ) ಅನ್ನು +1ರಿಂದ +1.7ರವರೆಗೆ ಏರಿಸಿ, ಹಿಸ್ಟೋಗ್ರಾಮ್‌ನ (ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯ) ದಿಬ್ಬ ಬಲಕ್ಕೆ ಸರಿದರೂ ಅಂಚಿಗೆ ಅಂಟದಂತೆ ನೋಡಿಕೊಳ್ಳಿ. ಅಂಟಿತೆಂದರೆ ಹಿಮದ ಗೆರೆಗಳು ಅಳಿಸಿಹೋಗಿ, ಆಮೇಲೆ ಯಾವ ತಂತ್ರಾಂಶದಿಂದಲೂ ಮರಳಿ ಬರುವುದಿಲ್ಲ.

ಉತ್ತರ 2: ನೆರಳಿನ ನೀಲಿ ಆಕಾಶದಿಂದ ಬಂದದ್ದು, ಅದನ್ನು ಪೂರ್ತಿ ತೆಗೆದರೆ ಚಳಿಯೇ ಮಾಯವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹೊತ್ತಿನ ವಿಚಾರವನ್ನೂ ಗಮನಿಸಿ: ಸೂರ್ಯೋದಯದಲ್ಲಿ ಬಣ್ಣ ಸೊಗಸಾದರೂ ಬಿಸಿಲು ನಿಮ್ಮ ಬೆನ್ನ ಕಡೆಯಿಂದ ಬೀಳುವುದರಿಂದ ಪರ್ವತದ ಮುಖ ಚಪ್ಪಟೆಯಾಗಿ ಕಾಣುತ್ತದೆ, ಸೂರ್ಯ ಎಡಕ್ಕೆ, ಅಂದರೆ ದಕ್ಷಿಣಕ್ಕೆ ಸರಿದಂತೆ ಓರೆಬೆಳಕಿನಲ್ಲಿ ಬಂಡೆಯ ಏಣುಗಳೂ ಹಿಮದ ಕೊರಕಲುಗಳೂ ಎದ್ದು ಕಾಣುತ್ತವೆ. ಪೋಲರೈಸರ್ (ಆಕಾಶದ ನೀಲಿಯನ್ನು ಗಾಢವಾಗಿಸುವ, ಮಸೂರದ ಮುಂದೆ ತಿರುಗಿಸುವ ಫಿಲ್ಟರ್) ಬಳಸುವುದಾದರೆ ಅರ್ಧಕ್ಕೇ ತಿರುಗಿಸಿ, ಆ ಎತ್ತರದಲ್ಲಿ ಆಕಾಶ ಮೊದಲೇ ಗಾಢ.

ಉತ್ತರ 3: ಚಳಿಗೆ ಬೇಗ ಬರಿದಾಗದಂತೆ ಹೆಚ್ಚುವರಿ ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿಡಿ. ಬೆಚ್ಚನೆಯ ಕೋಣೆಗೆ ಮರಳುವ ಮುನ್ನವೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ನೀರಹನಿಗಳು ಚೀಲದ ಮೇಲೆ ಕೂರುತ್ತವೆಯೇ ಹೊರತು ಮಸೂರದ ಮೇಲಲ್ಲ.