ಪ್ರಿಸ್ಮಾ ಚಿತ್ರದಲ್ಲಿ ಸಿಲ್ವರ್ ಓಕ್ ಗುರುತಿಸುವ ವಿಧಾನದ ಬಗ್ಗೆ

ಪ್ರಶ್ನೆ (ವಿರಾಜಪೇಟೆ)
ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಸುತ್ತಲಿನ ಕಾಫಿ ತೋಟಗಳಲ್ಲಿ ಹಳೆಯ ಕಾಡುಮರಗಳ ನೆರಳು ಎಲ್ಲಿ ಉಳಿದಿದೆ, ಸಿಲ್ವರ್ ಓಕ್ ಎಲ್ಲಿ ಆವರಿಸಿದೆ ಎಂಬ ನಕ್ಷೆ ಮಾಡುತ್ತಿದ್ದೇನೆ. ಫೆಬ್ರವರಿಯ ಪ್ರಿಸ್ಮಾ (ಬೆಳಕನ್ನು ನೂರಾರು ಕಿರಿದಾದ ತರಂಗಾಂತರ ಪಟ್ಟಿಗಳಲ್ಲಿ, ಅಂದರೆ ಬ್ಯಾಂಡ್‌ಗಳಲ್ಲಿ, ದಾಖಲಿಸುವ ಇಟಲಿಯ ಉಪಗ್ರಹ) ಚಿತ್ರದ ಎಲ್ಲ ಬ್ಯಾಂಡ್‌ಗಳನ್ನೂ ಹಾಗೆಯೇ ರ್‍ಯಾಂಡಮ್ ಫಾರೆಸ್ಟ್ ಎಂಬ, ಉದಾಹರಣೆಗಳಿಂದ ಕಲಿಯುವ ಗಣಕ ಮಾದರಿಗೆ ಕೊಟ್ಟಾಗ ನಿಖರತೆ ನೂರಕ್ಕೆ ತೊಂಬತ್ತು ದಾಟಿತು. ಆದರೆ ನಕ್ಷೆ ಹಿಡಿದು ತೋಟಕ್ಕೆ ಹೋದರೆ, ಸಿಲ್ವರ್ ಓಕ್ ಎಂದು ತೋರಿಸಿದ ಕಡೆ ಹಲಸು, ಅತ್ತಿ ಮರಗಳು ನಿಂತಿದ್ದವು. ತಪ್ಪು ಎಲ್ಲಿ ಆಗಿರಬಹುದು?

ಉತ್ತರ 1 (ಮಡಿಕೇರಿ)
1400 ಮತ್ತು 1900 ನ್ಯಾನೋಮೀಟರ್ ಆಸುಪಾಸಿನ ಬ್ಯಾಂಡ್‌ಗಳನ್ನು ಮೊದಲು ತೆಗೆದುಹಾಕಿ. ಅಲ್ಲಿ ಗಾಳಿಯಲ್ಲಿರುವ ನೀರಾವಿ ಬೆಳಕನ್ನು ಹೀರಿಕೊಳ್ಳುವುದರಿಂದ ಉಳಿಯುವುದು ಗದ್ದಲ (ಅರ್ಥವಿಲ್ಲದ ಏರಿಳಿತ) ಮಾತ್ರ. ಉಳಿದವನ್ನು ಎಂಎನ್‌ಎಫ್ ರೂಪಾಂತರದಿಂದ (ಗದ್ದಲವನ್ನು ಬೇರ್ಪಡಿಸಿ ಮಾಹಿತಿಯನ್ನು ಕೆಲವೇ ಘಟಕಗಳಿಗೆ ಅಡಕಗೊಳಿಸುವ ವಿಧಾನ) ಹದಿನೈದಿಪ್ಪತ್ತು ಘಟಕಗಳಿಗೆ ಇಳಿಸಿ. ನಕ್ಷೆ ತಂತ್ರಾಂಶವಾದ ಕ್ಯುಜಿಐಎಸ್‌ಗೆ ಉಚಿತವಾಗಿ ಸಿಗುವ ಎನ್‌ಮ್ಯಾಪ್-ಬಾಕ್ಸ್‌ನಲ್ಲಿ ಸ್ಪೆಕ್ಟ್ರಲ್ ಆ್ಯಂಗಲ್ ಮ್ಯಾಪರ್ ಅನ್ನೂ ಪ್ರಯತ್ನಿಸಬಹುದು. ಅದು ಎರಡು ವರ್ಣಪಟಲಗಳ ನಡುವಿನ ಕೋನವನ್ನಷ್ಟೇ ಅಳೆಯುವುದರಿಂದ, ನಮ್ಮ ಗುಡ್ಡಗಳ ಒಂದು ಮಗ್ಗುಲು ಬಿಸಿಲಿಗೂ ಇನ್ನೊಂದು ನೆರಳಿಗೂ ಬಿದ್ದು ಹೊಳಪು ಬದಲಾದರೂ ಹೆಚ್ಚು ಬಾಧಕವಾಗುವುದಿಲ್ಲ.

ಉತ್ತರ 2 (ಸೋಮವಾರಪೇಟೆ)
ಮೇಲಿನ ಸಲಹೆ ಸರಿಯಾದದ್ದೇ, ಆದರೆ ಮೂಲ ದೋಷ ಬೇರೆಡೆ ಇದೆ ಎಂದು ನನ್ನ ದೃಢವಾದ ಅಭಿಪ್ರಾಯ. ನೆಲದ ಗುರುತು ಬಿಂದುಗಳಿಂದ ಸರಿಪಡಿಸದ ಪ್ರಿಸ್ಮಾ ಚಿತ್ರ 200 ಮೀಟರ್‌ವರೆಗೂ ಸರಿದಿರಬಹುದು. ಅಂದರೆ ನೀವು ಸಿಲ್ವರ್ ಓಕ್ ಎಂದು ಕಲಿಸಿದ ಪಿಕ್ಸೆಲ್ ಪಕ್ಕದ ತೋಟದ್ದಾಗಿರಲು ಸಾಧ್ಯ. ಅದೇ ವಾರದ ಸೆಂಟಿನೆಲ್-2 (ಇನ್ನೊಂದು ಉಪಗ್ರಹ) ಚಿತ್ರದ ಮೇಲಿಟ್ಟು ಚಿಕ್ಲಿಹೊಳೆ ಜಲಾಶಯದ ದಂಡೆ ಕೂಡುತ್ತದೆಯೇ ನೋಡಿ. ಕೂಡದಿದ್ದರೆ ಪೈಥಾನ್‌ನ ಅರೋಸಿಕ್ಸ್ (ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂಡಿಸುವ ಉಪಕರಣ) ಬಳಸಿ ಹೊಂದಿಸಿ.

ಇನ್ನು ಆ ನಿಖರತೆಯನ್ನು ನಂಬಬೇಡಿ. ಒಂದೇ ತೋಟದ ಅಕ್ಕಪಕ್ಕದ ಪಿಕ್ಸೆಲ್‌ಗಳು ಕಲಿಕೆಗೂ ಪರೀಕ್ಷೆಗೂ ಹಂಚಿಹೋದರೆ, ಮಾದರಿ ಆಗಲೇ ಕಂಡದ್ದನ್ನೇ ಮತ್ತೆ ಒಪ್ಪಿಸುತ್ತದೆ. ಪೈಥಾನ್‌ನ ಯಂತ್ರಕಲಿಕೆ ಸಂಗ್ರಹವಾದ ಸೈಕಿಟ್-ಲರ್ನ್‌ನ ಗ್ರೂಪ್‌ಕೆಫೋಲ್ಡ್‌ನಲ್ಲಿ ತೋಟವನ್ನೇ ಗುಂಪಾಗಿ ಕೊಟ್ಟು, ಇಡೀ ತೋಟಗಳನ್ನೇ ಪರೀಕ್ಷೆಗೆ ಮೀಸಲಿಡಿ. ಜೊತೆಗೆ, 30 ಮೀಟರ್ ಪಿಕ್ಸೆಲ್ ಎಂದರೆ ಸುಮಾರು 22 ಸೆಂಟ್ ಜಾಗ. ಅಷ್ಟರಲ್ಲಿ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಒಂದು ನಂದಿ ಮರ, ಸಂದಿನಲ್ಲಿ ಕಾಫಿ ಎಲ್ಲವೂ ಸೇರಿರುತ್ತವೆ. ಆದ್ದರಿಂದ ಪಿಕ್ಸೆಲ್‌ಗೆ ಒಂದೇ ಹೆಸರು ಕೊಡುವ ಬದಲು, ಅಷ್ಟೇ ಅಳತೆಯ ತಾಕುಗಳಲ್ಲಿ ಯಾವ ಮರದ ಹಂದರ ಎಷ್ಟು ಪಾಲು ಎಂದು ಅಳೆದು, ಆ ಪಾಲನ್ನೇ ಅಂದಾಜಿಸಲು ಮಾದರಿಗೆ ಕಲಿಸಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಜಲಾಶಯದ ದಂಡೆ ನಾಲ್ಕು ಪಿಕ್ಸೆಲ್ ಪೂರ್ವಕ್ಕೆ ಸರಿದಿತ್ತು. ಮಳೆ ಹಿಡಿಯುವ ಮೊದಲೇ ತಾಕುಗಳನ್ನು ಅಳೆದು, ಫಲಿತಾಂಶವನ್ನು ಇಲ್ಲಿಯೇ ತಿಳಿಸುತ್ತೇನೆ.